ತವರಿನ ದಾರಿಯಲ್ಲೊಂದು ಸೇತುವೆ

ನಿಮ್ಮ ತವರಿಗೂ ನೀವೀಗ ಬಾಳುತ್ತಿರುವ ಮನೆಗೂ ನಡುವೆ ಎಷ್ಟು ಹೊಳೆಗಳಿವೆ ಎಂದು ಎಂದಾದರೂ ಎಣಿಸಿದ್ದೀರಾ? ಬಹುಶಃ ಇಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊಳೆ ಹಿಂದೆ ಸರಿದಿರುತ್ತದೆ. ಮಗುವಿಗೆ ಬಿಸ್ಕೆಟ್ ಕೊಡುತ್ತಲೋ, ಜಾರಿದ ಸೆರಗನ್ನು ಸರಿಮಾಡಿಕೊಳ್ಳುತ್ತಲೋ ನಾವು ಅದನ್ನು ದಾಟಿಬಿಟ್ಟಿರುತ್ತೇವೆ. ನಾನು ಮಾತ್ರ ಎಣಿಸುತ್ತೇನೆ. ಅದಕ್ಕೆ ಕಾರಣ ನನ್ನ ದಾದಿಮಾ.

ನನ್ನ ತವರು ಯಾದಗಿರಿಯ ಬಳಿಯ ಮುದನಾಳ. 1986ರಲ್ಲಿ ಮದುವೆಯಾಗಿ ರಾಯಚೂರಿಗೆ ಬಂದೆ. ನನ್ನ ದಾರಿಯಲ್ಲಿರುವುದು ಒಂದೇ ಹೊಳೆ, ಕೃಷ್ಣೆ. ದಾದಿಮಾಳ ದಾರಿಯಲ್ಲಿ ಎರಡಿದ್ದವು. ಅವಳ ತವರು ದೇವದುರ್ಗದ ಕಡೆ, ಕೃಷ್ಣೆಯ ಆಚೆ ದಂಡೆಯ ಒಂದು ಸಣ್ಣ ಹಳ್ಳಿ. ಮುದನಾಳದಿಂದ ಹೊರಟರೆ ಮೊದಲು ಭೀಮೆ, ಆಮೇಲೆ ಶಹಾಪುರದ ಸೀಮೆ, ಕೊನೆಗೆ ಕೃಷ್ಣೆ. ಎತ್ತಿನ ಗಾಡಿ ಹೊಳೆಯ ದಂಡೆಯವರೆಗೆ ಮಾತ್ರ. ಅಲ್ಲಿಂದ ಮುಂದೆ ಹರಿಗೋಲು. ಬಿದಿರಿನಿಂದ ಹೆಣೆದು ಚರ್ಮ ಹೊದಿಸಿದ ಆ ದುಂಡನೆಯ ಬುಟ್ಟಿಯಲ್ಲಿ ಆಡು, ಜೋಳದ ಚೀಲ, ಬಾಣಂತಿ, ಮದುಮಗಳು ಎಲ್ಲರೂ ಒಟ್ಟಿಗೆ ಕುಳಿತು ದಾಟಬೇಕಿತ್ತು. ಹೊಳೆ ಶಾಂತವಾಗಿದ್ದರೆ ಸರಿ. ಮಳೆಗಾಲ ಬಂತೆಂದರೆ ಅಂಬಿಗನು ಹರಿಗೋಲನ್ನು ದಂಡೆಗೆಳೆದು ಬೋರಲು ಹಾಕುತ್ತಿದ್ದ. ಅಲ್ಲಿಗೆ ತವರಿನ ಬಾಗಿಲು ಮುಚ್ಚಿದಂತೆಯೇ.

ಅದು ನಿಜಾಮರ ಕಾಲ. ದಾದಿಮಾ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಶ್ರಾವಣದ ಮಳೆಯಲ್ಲಿ ಅವಳ ತಾಯಿಗೆ ಕಾಯಿಲೆ ಜೋರಾಗಿದೆ ಎಂಬ ಸುದ್ದಿ ಬಂತು. ದಾದಾ ಅದೇ ದಿನ ಗಾಡಿ ಕಟ್ಟಿದರು. ಭೀಮೆಯನ್ನು ಹೇಗೋ ದಾಟಿದರು. ಆದರೆ ಕೃಷ್ಣೆ ಎರಡೂ ದಡ ತುಂಬಿ ಹರಿಯುತ್ತಿದ್ದಳು. ದಾದಾ ಎಷ್ಟು ಕೇಳಿಕೊಂಡರೂ ಅಂಬಿಗ ಒಪ್ಪಲಿಲ್ಲ. "ನಿಮ್ಮ ತಾಯಿಯನ್ನು ನೋಡಿಸಲು ಹೋಗಿ ನಿಮ್ಮ ಮಕ್ಕಳನ್ನು ತಬ್ಬಲಿ ಮಾಡಲೇನವ್ವಾ?" ಎಂದನಂತೆ. ದಂಡೆಯ ಬೇವಿನ ಮರದ ಕೆಳಗೆ ದಾದಿಮಾ ಮೂರು ದಿನ ಕುಳಿತಳು. ಆಚೆ ದಡದಲ್ಲಿ ತನ್ನ ಊರಿನ ಹೊಗೆ ಏಳುವುದು ಅವಳಿಗೆ ಕಾಣಿಸುತ್ತಿತ್ತು. ಮೂರನೆಯ ದಿನ ನೀರು ಇಳಿಯಿತು. ಆಚೆಯಿಂದ ಮೊದಲು ಬಂದ ಹರಿಗೋಲಿನಲ್ಲಿ ಅವಳ ಅಣ್ಣನಿದ್ದ. ಅವನು ಮಾತನಾಡಲಿಲ್ಲ. ಮುಖ ನೋಡಿಯೇ ಅವಳಿಗೆ ಎಲ್ಲವೂ ತಿಳಿಯಿತು. ತಾಯಿಯನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು.

ಆಗ ರೈಲು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲೇ ರಾಯಚೂರಿನಲ್ಲಿ ಕೂಡಿದ್ದವು. ಯಾದಗಿರಿಯ ಮೇಲೆ ಹಾದು ಕೃಷ್ಣೆಯನ್ನು ದಾಟುವ ರೈಲು ಸೇತುವೆ ದಾದಿಮಾ ಹುಟ್ಟುವ ಮೊದಲೇ ಇತ್ತು. ಆದರೆ ರೈಲಿನ ಸೇತುವೆ ಟಿಕೇಟು ಇದ್ದವರನ್ನು, ಅದೂ ರೈಲು ಬರುವ ಹೊತ್ತಿಗೆ, ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕೆ ದಾಟಿಸುತ್ತದೆ. ಗಾಡಿಯನ್ನು, ಎತ್ತನ್ನು, ತಲೆಯ ಮೇಲೆ ಗಂಟು ಹೊತ್ತು ಮಗುವಿನ ಕೈ ಹಿಡಿದು ನಡೆಯುವ ಹೆಂಗಸನ್ನು ಅದು ದಾಟಿಸುವುದಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವವರಿಗೆ ಅದು ದೂರದಿಂದ ನೋಡುವ ಸೇತುವೆ ಮಾತ್ರ.

ನಡೆದು ದಾಟಬಹುದಾದ ಸೇತುವೆ ಕೃಷ್ಣೆಗೆ ಬಂದದ್ದು ಆಮೇಲೆ. ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಈಗಿನ ಶಕ್ತಿನಗರದ ಪಕ್ಕ ದೇವಸೂಗೂರಿನ ಬಳಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ 1933ರಲ್ಲಿ ಅದರ ಕೆಲಸ ಆರಂಭವಾಯಿತು. ಮುಗಿದದ್ದು 1943ರಲ್ಲಿ. ಹತ್ತು ವರ್ಷಗಳ ಕೆಲಸ! ಸಾಲು ಸಾಲು ಕಮಾನುಗಳ ಮೇಲೆ ನಿಂತ ಆ ಸೇತುವೆಯ ಉದ್ದ ಮುಕ್ಕಾಲು ಕಿಲೋಮೀಟರಿನಷ್ಟು. ನಿಜಾಮರ ಮಗ ನವಾಬ್ ಜವಾದ್ ಜಾಹ್‌ರ ಹೆಸರಿನಲ್ಲಿ ಅದಕ್ಕೆ 'ಸಿರಾತ್-ಎ-ಜೂದಿ' ಎಂದು ನಾಮಕರಣ ಮಾಡಿದರು. ಹೈದರಾಬಾದಿನ ಕಿಂಗ್ ಕೋಠಿ ಅರಮನೆಯ ಎದುರು ಅದೇ ಹೆಸರಿನ ಜೂದಿ ಮಸೀದಿಯೂ ಇದೆ. 1967ರಲ್ಲಿ ತೀರಿಕೊಂಡ ನಿಜಾಮರ ಸಮಾಧಿ ಇರುವುದು ಅಲ್ಲಿಯೇ.

ಸಿರಾತ್ ಎಂದರೆ ದಾರಿ. ನಮ್ಮ ಮನೆಗಳಲ್ಲಿ ಆ ಪದ ಕೇಳಿದೊಡನೆ ಅಂತ್ಯದಿನದಂದು ಎಲ್ಲರೂ ದಾಟಬೇಕಾದ ಸೇತುವೆ ನೆನಪಾಗುತ್ತದೆ. ಜೂದಿ ಎಂದಾಗ ಪ್ರವಾದಿ ನೂಹ್(ಅ)ರ ನಾವೆ ಪ್ರವಾಹ ಇಳಿದ ಮೇಲೆ ಬಂದು ನಿಂತ ಬೆಟ್ಟ ನೆನಪಾಗುತ್ತದೆ. ಹೆಸರಿಟ್ಟದ್ದು ರಾಜಕುಮಾರನಿಗಾಗಿ ಇರಬಹುದು. ಆದರೆ ತುಂಬಿದ ಹೊಳೆಯ ಮುಂದೆ ನಿಂತವಳಿಗೆ ಈ ಎರಡು ಪದಗಳಿಗಿಂತ ದೊಡ್ಡ ಸಮಾಧಾನ ಬೇರೆ ಯಾವುದಿದೆ?

ಆ ದಾರಿಯಾದರೂ ಎಂಥ ದಾರಿ! ಕೃಷ್ಣೆಗೂ ತುಂಗಭದ್ರೆಗೂ ನಡುವಿನ ರಾಯಚೂರು ಸೀಮೆಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಾಡಿದರು. ಸೈನ್ಯಗಳಿಗೆ ಕೋಟೆಯಷ್ಟೇ ಮುಖ್ಯವಾಗಿದ್ದದ್ದು ಹೊಳೆಯಲ್ಲಿ ಕಾಲಿಟ್ಟು ದಾಟಬಹುದಾದ ಜಾಗ. 1565ರ ಯುದ್ಧಕ್ಕೆ ಮುಂಚೆಯೂ ಎರಡು ಸೈನ್ಯಗಳು ಕೃಷ್ಣೆಯ ಎರಡು ದಡಗಳಲ್ಲಿ ಇಂಥ ದಾಟುಜಾಗವನ್ನೇ ಕಾಯುತ್ತ ಕುಳಿತಿದ್ದವು. ಅರಸರ ಆ ಹೊಳೆಯ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾಗಳ ಮೂಲಕ ಹೈದರಾಬಾದಿಗೆ ಹೋಗುವ ಜನಸಾಮಾನ್ಯರ ದಾರಿ ಹಾಸಿಕೊಂಡಿತು. ಸೇತುವೆ ಕಟ್ಟಿದಾಗ ಎರಡೂ ದಡ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರಲ್ಲಿ ಈ ದಡ ಮೈಸೂರು ರಾಜ್ಯಕ್ಕೆ ಸೇರಿತು, ಆ ದಡ ಆಂಧ್ರಪ್ರದೇಶಕ್ಕೆ ಸೇರಿತು. 2014ರಲ್ಲಿ ಆ ದಡ ತೆಲಂಗಾಣವಾಯಿತು. ದಡಗಳ ಹೆಸರು ಬದಲಾಗುತ್ತಲೇ ಹೋದವು. ಸೇತುವೆ ಮಾತ್ರ ಕದಲದೆ ಎರಡನ್ನೂ ಹಿಡಿದುಕೊಂಡಿತ್ತು. ಎರಡು ಮನೆಗಳ ನಡುವೆ ನಿಂತ ಸೊಸೆಯಂತೆ ಎಂದು ನನಗೆ ಅನಿಸುತ್ತದೆ.

ತಾಯಿ ಹೋದ ಮೇಲೆ ದಾದಿಮಾ ಆ ದಿಕ್ಕಿಗೆ ಹೋಗಲಿಲ್ಲ. ಅಣ್ಣಂದಿರೇ ಬಂದು ನೋಡಿಕೊಂಡು ಹೋಗುತ್ತಿದ್ದರು. ನನ್ನ ಮದುವೆಯಾದ ವರ್ಷ, ಮೊಮ್ಮಗಳ ಮನೆ ನೋಡಬೇಕೆಂದು ಹಟ ಹಿಡಿದು ಬಸ್ಸಿನಲ್ಲಿ ರಾಯಚೂರಿಗೆ ಬಂದಳು. ಕರೆದುಕೊಂಡು ಬರಲು ನಾನೇ ಹೋಗಿದ್ದೆ. ಸೈದಾಪುರ ದಾಟಿ ಬಸ್ಸು ಸೇತುವೆಗೆ ಬಂದಾಗ "ದಾದಿಮಾ, ಕೃಷ್ಣಾ ಹೊಳೆ" ಎಂದೆ. ಅವಳು ಕಿಟಕಿಯ ಸರಳು ಹಿಡಿದು ಕೆಳಗೆ ನೋಡತೊಡಗಿದಳು. ಎರಡು ನಿಮಿಷವೂ ಆಗಿರಲಿಲ್ಲ, ಬಸ್ಸು ಆಚೆ ದಡ ಸೇರಿತು. ಅವಳು ನನ್ನ ಕಡೆ ತಿರುಗಿ ಕೇಳಿದಳು: "ಮುಗೀತೇನು ಬೇಟಿ? ಇಷ್ಟಕ್ಕೇನಾ ನಾನು ಮೂರು ದಿನ ಕೂತದ್ದು?"

ನನಗೆ ಉತ್ತರ ತೋಚಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಸೇತುವೆ ಕಟ್ಟಿದವರಿಗಾಗಿ ಎರಡೂ ಕೈ ಎತ್ತಿ ದುಆ ಮಾಡಿದಳು. ಮಾಡಿಸಿದ ಅರಸರಿಗೆ ಮಾತ್ರವಲ್ಲ, ಕಲ್ಲು ಹೊತ್ತವರಿಗೂ, ಸುಣ್ಣ ಅರೆದವರಿಗೂ.

ಈ ಪ್ರಶ್ನೆ ನನ್ನೊಳಗೆ ಎಷ್ಟೋ ವರ್ಷ ಉಳಿಯಿತು. ಈಚೆಗೆ ಅದು ಮತ್ತೆ ಎದ್ದದ್ದು ಜಪಾನಿನಿಂದ ಬಂದ ಒಂದು ಚಿತ್ರದಿಂದ. ನನ್ನ ತಂಗಿಯ ಮಗ ಟೋಕಿಯೋದಲ್ಲಿ ಕೆಲಸದಲ್ಲಿದ್ದಾನೆ. ಸೇತುವೆಯ ಬಗ್ಗೆ ನನಗಿರುವ ಹುಚ್ಚು ಅವನಿಗೆ ಗೊತ್ತು. "ಖಾಲಾ, ಇದು ಇಲ್ಲಿಯ ನಿಹೊಂಬಾಶಿ. ಈ ದೇಶದ ದಾರಿಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ" ಎಂದು ಬರೆದು ಚಿತ್ರ ಕಳಿಸಿದ್ದ. ಎರಡು ಕಮಾನುಗಳ ಕಲ್ಲಿನ ಸೇತುವೆ, ಕಂಬಗಳ ಮೇಲೆ ಕಂಚಿನ ಸಿಂಹಗಳು. ಆದರೆ ತಲೆಯ ಮೇಲೆ ಆಕಾಶವೇ ಇಲ್ಲ! ಸೇತುವೆಯ ನೆತ್ತಿಗೆ ಅಡ್ಡಲಾಗಿ ಕಾರುಗಳು ಓಡುವ ದೊಡ್ಡದೊಂದು ಮೇಲುರಸ್ತೆ.

ಕುತೂಹಲದಿಂದ ನಾನು ಅದರ ಬಗ್ಗೆ ಓದತೊಡಗಿದೆ. ಟೋಕಿಯೋಗೆ ಆಗ ಎದೊ ಎಂದು ಹೆಸರು. ತೊಕುಗಾವಾ ಮನೆತನದ ಆಳ್ವಿಕೆ ಆರಂಭವಾದ 1603ರಲ್ಲಿ ಅಲ್ಲಿ ಮೊದಲ ಮರದ ಸೇತುವೆ ಕಟ್ಟಿದರು. ಐದು ಹೆದ್ದಾರಿಗಳಿಗೆ ಅದನ್ನೇ ಮೂಲಸ್ಥಾನವನ್ನಾಗಿ ಮಾಡಿ, ಊರುಗಳ ದೂರವನ್ನು ಅಲ್ಲಿಂದ ಅಳೆದರು. ಅವುಗಳಲ್ಲಿ ಹೆಸರುವಾಸಿಯಾದದ್ದು ಕಡಲ ಬದಿಯಲ್ಲಿ ಕ್ಯೋಟೋ ನಗರಕ್ಕೆ ಹೋಗುವ ತೊಕೈದೊ. ಆ ಉದ್ದಕ್ಕೂ ಪ್ರಯಾಣಿಕರು ತಂಗಲು 53 ಠಾಣೆಗಳಿದ್ದವು. ಮರದ ಸೇತುವೆ ಬೆಂಕಿಗೆ ಸಿಕ್ಕಿದಾಗಲೆಲ್ಲ ಮತ್ತೆ ಕಟ್ಟಿದರು. ಈಗಿರುವ ಕಲ್ಲಿನ ಸೇತುವೆ 1911ರದು. ಇಂದಿಗೂ ಅದರ ನಡುಮಧ್ಯೆ ರಸ್ತೆಯಲ್ಲಿ ಕೂರಿಸಿದ ಕಂಚಿನ ಫಲಕವೊಂದು ದೂರ ಅಳೆಯುವ ಮೊದಲ ಬಿಂದುವಾಗಿ ಉಳಿದಿದೆ.

ಇಷ್ಟು ಓದಿದಾಗ ಖುಷಿಯಾಯಿತು. ಮುಂದೆ ಓದಿದಾಗ ಮನಸ್ಸು ಭಾರವಾಯಿತು. ಆ ಸುಂದರ ಹೆದ್ದಾರಿಯಲ್ಲಿ ಹೆಂಗಸರು ಮನಸ್ಸು ಬಂದಂತೆ ನಡೆಯುವಂತಿರಲಿಲ್ಲ. ಸಾಮಂತರ ಹೆಂಡಿರನ್ನು ಎದೊ ನಗರದಲ್ಲೇ ಒತ್ತೆಯಾಗಿ ಇರಿಸಿಕೊಳ್ಳುತ್ತಿದ್ದರು. ಅವರು ತಪ್ಪಿಸಿಕೊಂಡು ಹೋಗದಂತೆ ಹಕೋನೆ ಎಂಬ ಬೆಟ್ಟದ ಠಾಣೆಯಲ್ಲಿ ಕಾವಲಿತ್ತು. ನಗರದೊಳಕ್ಕೆ ಬರುವ ಕೋವಿಯನ್ನೂ ನಗರದಿಂದ ಹೊರಹೋಗುವ ಹೆಂಗಸನ್ನೂ ತಡೆಯಬೇಕೆಂಬುದು ಅಂದಿನ ನಿಯಮ. ಹೆಂಗಸಾದವಳು ಪರವಾನಗಿ ಪತ್ರ ತರಬೇಕಿತ್ತು. ಅದರಲ್ಲಿ ಬರೆದಿರುವವಳು ಇವಳೇ ಹೌದೇ ಎಂದು ನೋಡಲು ಠಾಣೆಯಲ್ಲಿ ಒಬ್ಬ ಹೆಂಗಸನ್ನು ನೇಮಿಸಿದ್ದರು. ಅವಳು ತಲೆಗೂದಲನ್ನು ಬಿಚ್ಚಿಸಿ ಪರೀಕ್ಷಿಸುತ್ತಿದ್ದಳು.

ಅದೇ ದಾರಿಯಲ್ಲಿ ಓಯಿ ಎಂಬ ಹೊಳೆ. ಅಲ್ಲಿಯ ಆಳರಸರು ಅದಕ್ಕೆ ಸೇತುವೆ ಕಟ್ಟಲು ಬಿಡಲಿಲ್ಲ. ದೋಣಿಯನ್ನೂ ಬಿಡಲಿಲ್ಲ. ಕೂಲಿಯಾಳುಗಳ ಹೆಗಲ ಮೇಲೆ ಅಥವಾ ಅವರು ಹೊರುವ ಹಲಗೆಯ ಮೇಲೆ ಕುಳಿತೇ ದಾಟಬೇಕು. ನೀರು ಏರಿದರೆ ದಾಟುವುದು ನಿಷಿದ್ಧ. ಜನ ದಂಡೆಯ ಊರಿನಲ್ಲಿ ದಿನಗಟ್ಟಲೆ ಕಾಯುತ್ತಿದ್ದರು. ಇದನ್ನು ಓದುವಾಗ ಬೇವಿನ ಮರದ ಕೆಳಗೆ ಕುಳಿತ ದಾದಿಮಾ ನನ್ನ ಕಣ್ಣ ಮುಂದೆ ಬಂದಳು. ಅಷ್ಟು ದೂರದ ಆ ಹೊಳೆಯ ದಂಡೆಯಲ್ಲೂ ಎಷ್ಟು ಮಂದಿ ಹೆಣ್ಣುಮಕ್ಕಳು ತಾಯಿಯ ಮುಖ ಕಾಣದೆ ಕುಳಿತಿದ್ದರೋ! ಐದು ಹೆದ್ದಾರಿಗಳು ಒಂದು ಸೇತುವೆಯಿಂದ ಹೊರಟರೆ ಸಾಲದು, ಸಹೋದರಿಯರೇ. ಅಗತ್ಯ ಬಿದ್ದ ಹೆಣ್ಣು ಕೊನೆಯವರೆಗೆ ಹೋಗಿ ಮುಟ್ಟಿದರೆ ಮಾತ್ರ ಅದು ದಾರಿ.

ಈ ಮಾತನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 1996ರ ನವೆಂಬರಿನ ಒಂದು ರಾತ್ರಿ ನಮ್ಮ ನೆರೆಮನೆಯ ಫೋನಿಗೆ ನನ್ನ ಅಣ್ಣನ ಕರೆ ಬಂತು. ಅಮ್ಮಿ ತೀರಿಕೊಂಡಿದ್ದಳು. ಬೆಳಿಗ್ಗೆ ಘುಸ್ಲ್, ಜುಹರ್ ನಮಾಝಿನ ನಂತರ ದಫನ. ಯಜಮಾನರು ಪರಿಚಯದವರ ಜೀಪು ಮಾಡಿಸಿದರು. ಶಕ್ತಿನಗರ ತಲುಪಿದಾಗ ಮುಂದೆ ಲಾರಿಗಳ ಸಾಲು. ಸೇತುವೆಯ ನಡುವೆ ಭತ್ತದ ಲಾರಿಯೊಂದು ಕೆಟ್ಟು ನಿಂತಿತ್ತು. ಎರಡು ಲಾರಿ ಎದುರಾದರೆ ಮೈ ಉಜ್ಜುವಷ್ಟು ಕಿರಿದಾದ ಸೇತುವೆ ಅದು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎಷ್ಟು ಹೊತ್ತಾಗುತ್ತದೆಂದು ಯಾರಿಗೂ ಗೊತ್ತಿಲ್ಲ.

ನಾನು ಜೀಪಿನಲ್ಲಿ ಅಳುತ್ತ ಕುಳಿತಿದ್ದೆ. ಥಟ್ಟನೆ ದಾದಿಮಾಳ ಮಾತು ನೆನಪಾಯಿತು. ಇಷ್ಟಕ್ಕೇನಾ ಮೂರು ದಿನ? "ನಡೆಯೋಣ" ಎಂದೆ. ಯಜಮಾನರು ಒಂದು ಕ್ಷಣ ನನ್ನ ಮುಖ ನೋಡಿ ಕೆಳಗಿಳಿದರು. ನಿಂತ ಲಾರಿಗಳಿಗೂ ಸೇತುವೆಯ ಗೋಡೆಗೂ ನಡುವಿನ ಸಂದಿಯಲ್ಲಿ, ಒಂದು ಕೈಯಿಂದ ಬುರ್ಖಾ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ತಣ್ಣನೆಯ ಕಲ್ಲನ್ನು ಸವರುತ್ತ ನಡೆದೆ. ಕೆಳಗೆ ನೀರಿನ ಸದ್ದು. ಹಿಂದೆ ವಿದ್ಯುತ್ ಕೇಂದ್ರದ ದೀಪಗಳು. ಆಚೆ ದಡ ಮುಟ್ಟಿದಾಗ ಫಜರ್‌ನ ಹೊತ್ತು. ಅಲ್ಲಿ ತಿರುಗಿಸಿಕೊಂಡು ಹೋಗಲು ನಿಂತಿದ್ದ ಟ್ರ್ಯಾಕ್ಸಿನ ಚಾಲಕ ನನ್ನ ಅವಸ್ಥೆ ನೋಡಿ, "ಯಾಕ್ ಅಳ್ತೀರಿ ಯಕ್ಕಾ? ಎಲ್ಲಿಗಿ ಹೋಗಬೇಕ್ರಿ?" ಎಂದು ಕೇಳಿದ. ಹೇಳಿದೆ. "ಕೂಡ್ರಿ, ಮೊದಲು ಕೂಡ್ರಿ" ಎಂದ. ಮುದನಾಳದವರೆಗೆ ಬಿಟ್ಟು, ಎಣ್ಣೆಯ ಖರ್ಚಿಗಿಂತ ಒಂದು ರೂಪಾಯಿ ಹೆಚ್ಚಿಗೆ ಮುಟ್ಟಲಿಲ್ಲ. ಅಲ್ಲಾಹನು ಅವನನ್ನು ಚೆನ್ನಾಗಿಟ್ಟಿರಲಿ.

ಹೀಗೆ ನಾನು ಸಮಯಕ್ಕೆ ಮುಟ್ಟಿದೆ. ಅಮ್ಮಿಯ ತಲೆಗೂದಲನ್ನು ಈ ಕೈಗಳಿಂದಲೇ ತೊಳೆದು ಹೆಣೆದೆ. ಕಫನ್ ಸರಿಪಡಿಸಿದೆ. ದಾದಿಮಾಳಿಗೆ ಸಿಗದೆ ಹೋದದ್ದು ನನಗೆ ಸಿಕ್ಕಿತು. ನಾನು ಅವಳಿಗಿಂತ ಒಳ್ಳೆಯವಳೆಂದೋ ಅದೃಷ್ಟವಂತೆಯೆಂದೋ ಅಲ್ಲ. ನಾನು ಹುಟ್ಟುವ ಮೊದಲೇ ಯಾರೋ ಹತ್ತು ವರ್ಷ ಹೊಳೆಯಲ್ಲಿ ನಿಂತು ಕಲ್ಲಿನ ಮೇಲೆ ಕಲ್ಲು ಇಟ್ಟಿದ್ದರು, ಅಷ್ಟೇ.

ಆ ಕಾಲ ಹೋಯಿತು, ಈಗ ಎಲ್ಲವೂ ಸರಿಯಾಗಿದೆ ಎಂದುಕೊಳ್ಳಬೇಡಿ. ನಮ್ಮ ಪಕ್ಕದ ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ಒಂದು ನಡುಗಡ್ಡೆ. 2013ರ ಮಳೆಗಾಲದಲ್ಲಿ ಹೊಳೆ ತುಂಬಿ ಊರಿಗೆ ಹೊರಗಿನ ಸಂಪರ್ಕವೇ ಕಡಿದಿತ್ತು. ಅಲ್ಲಿಯ ಒಬ್ಬ ತುಂಬು ಗರ್ಭಿಣಿ ಹೆರಿಗೆಗೆ ಆಸ್ಪತ್ರೆಯನ್ನು ಮುಟ್ಟಲೇಬೇಕೆಂದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರ ಬೆಂಬಲದಲ್ಲಿ ಆ ಪ್ರವಾಹವನ್ನು ಈಜಿ ದಾಟಿದಳು. ಪತ್ರಿಕೆಗಳು ಅವಳ ಧೈರ್ಯವನ್ನು ಕೊಂಡಾಡಿದವು. ನಾನೂ ಅವಳಿಗೆ ಸಲಾಮ್ ಹೇಳುತ್ತೇನೆ. ಆದರೆ ತುಂಬಿದ ಬಸುರಿಯ ಧೈರ್ಯವನ್ನು ಹೊಗಳುವ ಮೊದಲು ನಾವು ಒಂದು ಗಳಿಗೆ ನಾಚಿಕೊಳ್ಳಬೇಕಲ್ಲವೇ? ನಮ್ಮ ಕಾಲದಲ್ಲೂ ಸೇತುವೆ ಇರಬೇಕಾದ ಕಡೆ ಒಬ್ಬ ಹೆಣ್ಣು ಸೋರೆಬುರುಡೆ ಕಟ್ಟಿಕೊಂಡಳು.

ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ತೆಗೆದು ಬದಿಗಿಡುವುದೂ ದಾನವೆಂದು, ಈಮಾನಿನ ಒಂದು ಭಾಗವೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಕೂಫಾದಿಂದ ಮಕ್ಕಾಕ್ಕೆ ಹೋಗುವ ಮರಳುಗಾಡಿನ ದಾರಿಯಲ್ಲಿ ಬಾವಿಗಳನ್ನೂ ಕೊಳಗಳನ್ನೂ ಮಾಡಿಸಿದರು. ಸಾವಿರದ ಇನ್ನೂರು ವರ್ಷಗಳಾದರೂ ಆ ದಾರಿ 'ದರ್ಬ್ ಝುಬೈದಾ' ಎಂದೇ ಕರೆಸಿಕೊಳ್ಳುತ್ತದೆ. ದಾರಿ ಮಾಡುವುದು ಗಂಡಸರ ಕೆಲಸವೆಂದು ಯಾರಾದರೂ ಹೇಳಿದರೆ ಅವರಿಗೆ ಈ ಹೆಸರನ್ನು ನೆನಪಿಸಿ.

ನಾವು ಝುಬೈದಾ ಅಲ್ಲ ನಿಜ. ಆದರೆ ಕೇಳುವ ಬಾಯಿ ನಮಗೂ ಇದೆ. ನಿಹೊಂಬಾಶಿಯ ಮೇಲಿನ ಆ ರಸ್ತೆಯನ್ನು ಕಟ್ಟಿದ್ದು 1963ರಲ್ಲಿ, ಒಲಿಂಪಿಕ್ಸ್ ಕ್ರೀಡೆಗಳ ಅವಸರದಲ್ಲಿ. ಅಲ್ಲಿಯ ಜನ ಸುಮ್ಮನಿರಲಿಲ್ಲ. ನಮ್ಮ ಸೇತುವೆಗೆ ಆಕಾಶ ಕೊಡಿ ಎಂದು ದಶಕಗಳ ಕಾಲ ಕೇಳಿದರು. ಈಗ ಆ ರಸ್ತೆಯನ್ನು ನೆಲದಡಿಗೆ ಒಯ್ಯುವ ಕೆಲಸ ನಡೆದಿದೆ. ಮೇಲಿನ ರಸ್ತೆಯನ್ನು 2040ರ ಹೊತ್ತಿಗೆ ತೆಗೆಯಬೇಕೆಂಬುದು ಯೋಜನೆ. ನಮ್ಮ ಸಿರಾತ್-ಎ-ಜೂದಿಗೂ ವಯಸ್ಸಾಗಿದೆ. ಕಟ್ಟಿದವರು ಕನಸಿನಲ್ಲೂ ಎಣಿಸದಷ್ಟು ಭಾರದ ಲಾರಿಗಳನ್ನು ಅದು ಹೊತ್ತಿದೆ. ದುರಸ್ತಿಗೆಂದು ಅದನ್ನು ಮುಚ್ಚಿದಾಗ ಜನ ಸುತ್ತುಬಳಸಿ ಹೋಗಿದ್ದಾರೆ, ಬೈದಿದ್ದಾರೆ. ನಾನು ಬೈಯಲಾರೆ. ಮುದುಕಿಗೆ ಔಷಧಿ ಕೊಡುವಾಗ ಮನೆಯವರು ಸ್ವಲ್ಪ ಸಹಿಸಿಕೊಳ್ಳುವುದಿಲ್ಲವೇ? ಹೊಸ ಸೇತುವೆಗಳು ಎಷ್ಟೇ ಬರಲಿ, ನನ್ನನ್ನು ಅಮ್ಮಿಯ ಬಳಿಗೆ ಮುಟ್ಟಿಸಿದ ಈ ಹಳೆಯ ಕಮಾನುಗಳು ಪಾಳುಬೀಳದಿರಲಿ ಎಂಬುದಷ್ಟೇ ನನ್ನ ಆಸೆ.

ಸಹೋದರಿಯರೇ, ಈ ಸಲ ತವರಿಗೆ ಹೋಗುವಾಗ ದಾರಿಯ ಹೊಳೆಗಳನ್ನು ಎಣಿಸಿ. ಸೇತುವೆ ಬಂದಾಗ ಮಕ್ಕಳನ್ನು ಎಬ್ಬಿಸಿ ತೋರಿಸಿ. ಮಳೆ ಬಂದರೆ ನಿಮ್ಮ ಊರಿನಲ್ಲಿ ಬಸುರಿಯೊಬ್ಬಳು ಸಿಕ್ಕಿಬೀಳುವ ಹಳ್ಳ ಯಾವುದೆಂದು ಮನೆಯ ಗಂಡಸರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ನೆರೆಹೊರೆಯ ಹೆಂಗಸರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಆ ಹಳ್ಳದ ಹೆಸರನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಹೇಳಿ, ಅಲ್ಲಿ ಸೇತುವೆ ಆಗುವವರೆಗೆ ಹೇಳುತ್ತಲೇ ಇರಿ.

ಇನ್ನು ಯಾವ ಮಗಳೂ ದಂಡೆಯ ಮೇಲೆ ಮೂರು ದಿನ ಕೂರದಿರಲಿ. ಆಮೀನ್.